ಬಾಣಂತನ ಮರೆತ ಸ್ನಾಯು

“ಅಲ್ಲಿ ಬಟ್ಟಿ ಬಿಚ್ಚಬೇಕಾಗತೈತೇನ್ರಿ, ಅಕ್ಕೋರ?”

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಇದನ್ನು ಕೇಳಿದ್ದು ಮಕ್ಕಳೆಲ್ಲ ಉಂಡೆದ್ದ ಮೇಲೆ, ಪಾತ್ರೆ ತಿಕ್ಕುತ್ತ, ನನ್ನ ಮುಖ ನೋಡದೆ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಕೂಡಲೇ ನಾನು ಹುಕ್ಕೇರಿಗೆ ಹೋಗಿ ಬೆಳಗಾವಿ ಬಸ್ಸು ಹಿಡಿಯುವುದನ್ನು ಮೂರು ತಿಂಗಳಿಂದ ಅವಳು ಗಮನಿಸಿದ್ದಳು. ಯಾಕೆ ಎಂದಾಗ ನಾನು ಮುಚ್ಚಿಡಲಿಲ್ಲ. ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುತ್ತದೆ, ಅದಕ್ಕೆ ಫಿಸಿಯೋಥೆರಪಿ ಮಾಡಿಸಿಕೊಳ್ಳುತ್ತಿದ್ದೇನೆ ಎಂದೆ. ತಿಕ್ಕುವ ಕೈ ನಿಂತಿತು. ಆಮೇಲೆ ಬಂದದ್ದು ಈ ಪ್ರಶ್ನೆ. ಇದೇ ಪ್ರಶ್ನೆಗೆ ಹೆದರಿ ನಾನು ಹನ್ನೊಂದು ವರ್ಷ ಕಳೆದಿದ್ದೆ. ಆ ದಿನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯ ಹೆರಿಗೆಯಾದ ಮೇಲೆ ಶುರುವಾದದ್ದು. ಸಂಕೇಶ್ವರದ ಮೆಣಸಿನಕಾಯಿ ಹುರಿಯುವಾಗ ಘಾಟು ಏರಿ ಸೀನು ಬಂದರೆ ಕಾಲು ಕತ್ತರಿ ಹಾಕಿ ನಿಲ್ಲುತ್ತಿದ್ದೆ. ಪಾಠದ ನಡುವೆ ಕೆಮ್ಮು ಬಂದರೆ ಕುರ್ಚಿ ಹುಡುಕುತ್ತಿದ್ದೆ. ಬಸ್ಸು ಹತ್ತುವ ದಿನ ಮುಂಜಾನೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಹತ್ತರಗಿ ದಾಟಿ ವಂಟಮುರಿ ಘಾಟಿನ ತಿರುವು ಬರುವಷ್ಟರಲ್ಲಿ ನಾಲಿಗೆ ಒಣಗಿರುತ್ತಿತ್ತು. ಅತ್ತೆಗೆ ಒಮ್ಮೆ ಹೇಳಿದ್ದೆ. “ಎರಡ ಹಡದ ಮ್ಯಾಲ ಎಲ್ಲಾರಿಗೂ ಹಂಗ ನಮ್ಮವ್ವಾ” ಎಂದರು. ಅವರಿಗೂ ಹಾಗೇ ಇತ್ತು ಎಂಬುದು ಆ ಮಾತಿನಲ್ಲೇ ಗೊತ್ತಾಯಿತು.

ನಮ್ಮ ಕಡೆ ಬಾಣಂತನಕ್ಕೆ ಯಾರೂ ಕೊರತೆ ಮಾಡುವುದಿಲ್ಲ. ನನ್ನವ್ವ ನೆತ್ತಿಗೆ ಎಣ್ಣೆ ಒತ್ತಿದಳು, ನಡುವಿಗೆ ಬಲ ಬರಲೆಂದು ಅಂಟಿನುಂಡಿ ತಿನ್ನಿಸಿದಳು, ಹೊರಸಿನ ಕೆಳಗೆ ಕೆಂಡ ಇಟ್ಟು ಕಾಯಿಸಿದಳು, ಹೊಟ್ಟೆಗೆ ಹಳೆ ಸೀರೆ ಬಿಗಿದಳು. ಒಂಬತ್ತು ತಿಂಗಳ ಭಾರ ಹೊತ್ತು, ಕೂಸು ಹೊರಬರುವಾಗ ಎಲ್ಲಕ್ಕಿಂತ ಹೆಚ್ಚು ಹಿಗ್ಗಿದ ಜಾಗ ಒಂದಿದೆ. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಅದಕ್ಕೆ ಮನೆಮಾತಿನಲ್ಲಿ ಒಂದು ಹೆಸರೂ ಇಲ್ಲ.

ಅದರ ಹೆಸರು ಶ್ರೋಣಿ ತಳದ ಸ್ನಾಯು. ಮೊದಲ ಭೇಟಿಯಲ್ಲಿ ಫಿಸಿಯೋಥೆರಪಿಸ್ಟ್ ಮೇಡಂ ಪ್ಲಾಸ್ಟಿಕ್ಕಿನ ಎಲುಬುಗೂಡೊಂದನ್ನು ಮೇಜಿನ ಮೇಲಿಟ್ಟು ತೋರಿಸಿದರು. ಮುಂದಿನ ಕಿಬ್ಬೊಟ್ಟೆಯ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ ಸ್ನಾಯುಗಳ ಒಂದು ಹಾಸು. ಕೂಸಿಗೆ ಸೀರೆ ಕಟ್ಟಿ ಮಾಡುವ ಜೋಳಿಗೆ ನೆನಪಾಯಿತು. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಈ ಜೋಳಿಗೆಯ ಮೇಲೆ ಕುಳಿತಿವೆ. ಮೂತ್ರ, ಮಲ, ವಾಯು ತಡೆಯುವುದೂ ಬಿಡುವುದೂ ಇದರ ಕೆಲಸ. ಜೋಳಿಗೆ ಸಡಿಲಾದರೆ ಕೆಮ್ಮಿನ ಒತ್ತಡಕ್ಕೆ ಮೂತ್ರ ಜಿನುಗುತ್ತದೆ. ಇನ್ನೂ ಸಡಿಲಾದರೆ ಗರ್ಭಕೋಶ ಕೆಳಗೆ ಜಾರಬಹುದು.

ಈ ಮೇಡಂಗಿಂತ ಮೊದಲು ನಾನು ಹೋದದ್ದು ಸ್ತ್ರೀರೋಗ ತಜ್ಞೆಯ ಬಳಿ. ಸೋಂಕಿದೆಯೋ ಎಂದು ಮೂತ್ರ ಪರೀಕ್ಷೆ ಮಾಡಿಸಿ, ಇಲ್ಲವೆಂದಾದ ಮೇಲೆ ಅವರೇ ಚೀಟಿ ಬರೆದು ಕಳಿಸಿದರು. ಫಿಸಿಯೋಥೆರಪಿ ಎಂದರೆ ಮೊಣಕಾಲಿಗೆ, ನಡುವಿಗೆ ಎಂದೇ ತಿಳಿದಿದ್ದೆ. ಆದರೆ ಹೆಣ್ಣುಮಕ್ಕಳ ಈ ತೊಂದರೆಗಳನ್ನೇ ವಿಶೇಷವಾಗಿ ಓದಿದವರಿದ್ದಾರೆ. ಬೆಳಗಾವಿಯ ಕೆಎಲ್‌ಇ ಫಿಸಿಯೋಥೆರಪಿ ಕಾಲೇಜಿನಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗಕ್ಕೆಂದೇ ಒಂದು ವಿಭಾಗವಿದೆ. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವಾಗ “ಈ ವಿಷಯದಲ್ಲಿ ತರಬೇತಿ ಆದವರು ಇದ್ದಾರೇನ್ರಿ?” ಎಂದು ಮೊದಲೇ ಕೇಳುವುದು ಒಳ್ಳೆಯದು.

ಮೊದಲ ಅರ್ಧ ಗಂಟೆ ಬರೀ ಮಾತು. ಎಷ್ಟು ಹೆರಿಗೆ, ಹೊಲಿಗೆ ಹಾಕಿದ್ದರೇ, ಕೆಮ್ಮಿದಾಗ ಜಿನುಗುವುದೋ ಅಥವಾ ಅವಸರವಾಗಿ ಬಚ್ಚಲು ಮುಟ್ಟುವುದರೊಳಗೋ, ರಾತ್ರಿ ಎಷ್ಟು ಸಲ ಏಳುತ್ತೀರಿ, ಮಲಬದ್ಧತೆ ಇದೆಯೇ, ದಿನಕ್ಕೆ ಎಷ್ಟು ಚಹಾ, ಗಂಡನೊಡನೆ ಕೂಡುವಾಗ ನೋವೇ? ಕೊನೆಯ ಪ್ರಶ್ನೆಗೆ ತಲೆ ತಗ್ಗಿಸಿದೆ. ಅವರು ಚಹಾದ ಲೆಕ್ಕ ಕೇಳಿದಷ್ಟೇ ಸಹಜವಾಗಿ ಕೇಳಿದ್ದರು, ಕಾದರು, ಉತ್ತರ ಬರೆದುಕೊಂಡರು. ಹನ್ನೊಂದು ವರ್ಷದಲ್ಲಿ ನನ್ನ ದೇಹದ ಬಗ್ಗೆ ಒಬ್ಬರು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು. ಅರ್ಧ ಹಗುರಾದದ್ದು ಅಲ್ಲೇ.

ಈಗ ಅಕ್ಕನ ಪ್ರಶ್ನೆ. ಹೌದು, ಒಳಪರೀಕ್ಷೆ ಇರಬಹುದು. ಆದರೆ ಅದಕ್ಕೆ ಮೊದಲು ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ಹೇಳಿ ಒಪ್ಪಿಗೆ ಕೇಳುತ್ತಾರೆ. “ಬ್ಯಾಡ ಅಂದ್ರ ಬ್ಯಾಡ್ರಿ, ಚಿಕಿತ್ಸಾ ಏನ ನಿಲ್ಲಂಗಿಲ್ಲ” ಎಂದರು ನಮ್ಮ ಮೇಡಂ. ಜೊತೆಗೆ ಅಕ್ಕನನ್ನೋ ತಂಗಿಯನ್ನೋ ಕೂರಿಸಿಕೊಳ್ಳಬಹುದು. ಮುಟ್ಟಾಗಿದ್ದರೆ ಮುಂದಿನ ಭೇಟಿಗೆ ಇಟ್ಟುಕೊಳ್ಳಬಹುದು. ಬಸುರಿದ್ದರೆ ಮೊದಲೇ ಹೇಳಬೇಕು. ಅವರು ಪರದೆ ಎಳೆದು ಆಚೆ ಹೋದ ಮೇಲೆ ಸೊಂಟದ ಕೆಳಗಿನ ಬಟ್ಟೆ ಮಾತ್ರ ತೆಗೆದು, ಮೇಲೆ ಚಾದರ ಹೊದ್ದು ಮಲಗಿದೆ. ಕೈಗವಸು, ಸ್ವಲ್ಪ ಜೆಲ್, ಯೋನಿಯೊಳಗೆ ಒಂದು ಬೆರಳು. ಉಪಕರಣ ಏನೂ ಇಲ್ಲ. “ಬಿಗಿ ಹಿಡೀರಿ, ಈಗ ಬಿಡ್ರಿ.” ಸ್ನಾಯುವಿನ ಶಕ್ತಿಗೆ ಸೊನ್ನೆಯಿಂದ 5ರವರೆಗೆ ಅಂಕ. ನನ್ನದು 2. ನಡುವೆ ನೋವಾದರೆ “ಸಾಕು” ಎಂದರೆ ಮುಗಿಯಿತು; ಕೈ ತಕ್ಷಣ ಹಿಂದೆ.

ಆ ಪರೀಕ್ಷೆಯಲ್ಲಿ ತಿಳಿದದ್ದು ಇನ್ನೊಂದು. ಮೊಬೈಲಿನಲ್ಲಿ ನೋಡಿ ವರ್ಷಗಟ್ಟಲೆ ನಾನು ಮಾಡುತ್ತಿದ್ದ ವ್ಯಾಯಾಮವೇ ತಪ್ಪು. ಉಸಿರು ಕಟ್ಟಿ, ತೊಡೆ ಬಿಗಿದು, ಕೆಳಗೆ ದಬ್ಬುತ್ತಿದ್ದೆ. ಸರಿಯಾದದ್ದು ಮೇಲೆ ಎಳೆದುಕೊಳ್ಳುವುದು: ಜನರ ನಡುವೆ ಕುಳಿತಾಗ ವಾಯು ತಡೆಯುತ್ತೇವಲ್ಲ, ಹಾಗೆ. ಉಸಿರಾಟ ನಡೆಯುತ್ತಲೇ ಇರಬೇಕು. ಕೆಲವು ಎಣಿಕೆ ಹಿಡಿದು, ಅಷ್ಟೇ ಹೊತ್ತು ಬಿಡಬೇಕು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಇದನ್ನು 1948ರಲ್ಲಿ ಜಗತ್ತಿಗೆ ವಿವರಿಸಿ ಬರೆದವರು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್. ಅದಕ್ಕೇ ಕೆಗೆಲ್ ವ್ಯಾಯಾಮ ಎನ್ನುತ್ತಾರೆ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು. ಇನ್ನು ಕೆಲವರಿಗೆ ಸ್ನಾಯು ಸಡಿಲವಾಗಿರದೆ ಅತಿ ಬಿಗಿಯಾಗಿರುತ್ತದೆ. ಕೂಡುವಾಗ ನೋವು, ಮಲ ಇಳಿಯದ ತೊಂದರೆ ಅದರಿಂದಲೂ ಬರಬಹುದು. ಅವರು ಕಲಿಯಬೇಕಾದದ್ದು ಬಿಗಿ ಹಿಡಿಯುವುದನ್ನಲ್ಲ, ಬಿಡುವುದನ್ನು. ಯಾರದು ಯಾವುದು ಎಂದು ತೋರಿಸಿಕೊಳ್ಳದೆ ತಿಳಿಯುವುದಿಲ್ಲ.

ಮನೆಗೆ ಬರುವಾಗ ಕೈಯಲ್ಲಿ ಮೂರು ದಿನದ ಲೆಕ್ಕದ ಹಾಳೆ ಇತ್ತು: ಎಷ್ಟು ಕುಡಿದೆ, ಎಷ್ಟು ಸಲ ಹೋದೆ, ಯಾವಾಗ ಜಿನುಗಿತು. ನೀರು ಬಿಟ್ಟದ್ದು ತಪ್ಪು ಎಂದು ಆ ಹಾಳೆಯೇ ಹೇಳಿತು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. “ಇರಲಿ” ಎಂದು ಪ್ರತಿ ಸಲ ಹೊರಡುವ ಮುನ್ನ ಹೋಗಿ ಬರುವುದರಿಂದ ಅದಕ್ಕೆ ತುಂಬಿಕೊಳ್ಳುವ ರೂಢಿಯೇ ತಪ್ಪುತ್ತದೆ. ಈಗ ಸೀನು ಬರುವ ಸುಳಿವು ಸಿಕ್ಕೊಡನೆ ಮೊದಲು ಜೋಳಿಗೆ ಎಳೆದುಕೊಳ್ಳುತ್ತೇನೆ, ಆಮೇಲೆ ಸೀನುತ್ತೇನೆ. ಪೂರ್ತಿ ನಿಂತಿಲ್ಲ, ನೆಗಡಿ ಜೋರಿದ್ದ ದಿನ ಈಗಲೂ ಜಿನುಗುತ್ತದೆ. ಆದರೆ ಬಸ್ಸಿನಲ್ಲಿ ನೀರಿನ ಬಾಟಲಿ ನನ್ನ ಜೊತೆ ಇರುತ್ತದೆ.

ಈ ಚಿಕಿತ್ಸೆ ಹೆಂಗಸರಿಗಷ್ಟೇ ಅಲ್ಲ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ನಿಲ್ಲದ ಗಂಡಸರಿಗೂ ಇದೇ ದಾರಿ. ಮೂತ್ರದಲ್ಲಿ ರಕ್ತ ಕಂಡರೆ, ಉರಿಯೊಡನೆ ಜ್ವರ ಬಂದರೆ, ಮುಟ್ಟು ನಿಂತ ಮೇಲೆ ರಕ್ತ ಹೋದರೆ ಮಾತ್ರ ವ್ಯಾಯಾಮ ಎನ್ನುತ್ತ ಕೂಡದೆ ಡಾಕ್ಟರ ಬಳಿ ಹೋಗಬೇಕು. ಒಮ್ಮೆಲೇ ತೊಡೆಸಂದು ಜೋಮು ಹಿಡಿದು ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ತಡ ಮಾಡಬಾರದು.

ಅಕ್ಕ ಎಲ್ಲ ಕೇಳಿದಳು. ಕಬ್ಬಿನ ಹೊರೆ ಹೊತ್ತ ಮೈ ಅವಳದು, ನಾಲ್ಕು ಹೆರಿಗೆ. ಅನ್ನದ ದೊಡ್ಡ ಪಾತ್ರೆ ಎತ್ತುವಾಗ ಕೆಳಗೆ ಏನೋ ಇಳಿದಂತೆ ಆಗುತ್ತದೆಯಂತೆ. ಪಾತ್ರೆ ಒಬ್ಬಳೇ ಎತ್ತಬೇಡ, ಎತ್ತುವಾಗ ಉಸಿರು ಕಟ್ಟದೆ ಬಿಡುತ್ತ ಎತ್ತು ಎಂದೆ. ಲೆಕ್ಕದ ಹಾಳೆಯ ಮಾತಿಗೆ ಮುಖ ಸಣ್ಣದಾಯಿತು: “ನನಗ ಬರಿಯಾಕ ಬರಂಗಿಲ್ಲಲ್ರಿ.” ಹೋದಾಗೊಮ್ಮೆ ಗೆರೆ, ಜಿನುಗಿದಾಗ ಸೊನ್ನೆ ಹಾಕು ಎಂದೆ.

ನಾಲ್ಕನೆಯ ದಿನ ಮೊಮ್ಮಗನ ಪಾಟಿಯನ್ನು ಸೆರಗಿನಲ್ಲಿ ಸುತ್ತಿ ತಂದಳು. ಮೂರು ಸಾಲು ಗೆರೆ, ನಡುನಡುವೆ ಸೊನ್ನೆ. ಅಳಿಸೀತೆಂದು ಅಂಚಿನಲ್ಲೇ ಹಿಡಿದಿದ್ದಳು. ನಾನು ಗೆರೆ ಎಣಿಸುತ್ತಿರುವಾಗ ಕೇಳಿದಳು: “ಶನಿವಾರದ ಬಸ್ಸ ಎಷ್ಟೊತ್ತಿಗ್ರಿ, ಅಕ್ಕೋರ?”