ಗೋದಲಿಗೆ ಮಣ್ಣು ತರುವ ಮಕ್ಕಳು



ಆಗಮನ ಕಾಲ ಆರಂಭವಾದೊಡನೆ ನಮ್ಮ ಮನೆಗಳಲ್ಲಿ ಗೋದಲಿಯ ಮಾತು ಏಳುತ್ತದೆ. ಈಗೀಗ ನಾವು ಅದನ್ನು ಅಂಗಡಿಯಿಂದಲೇ ತರುತ್ತೇವೆ: ಥರ್ಮೋಕೋಲಿನ ಗುಡ್ಡ, ಪ್ಲಾಸ್ಟಿಕ್ ಹುಲ್ಲು, ಮಿನುಗುವ ದೀಪ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಮಗುವಿಗೆ ಮಾಡಲು ಏನೂ ಉಳಿಯದೆ ಅದು ಮೊಬೈಲ್ ಹಿಡಿದು ಮೂಲೆ ಸೇರುತ್ತದೆ.

1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿ ಮಾಡಿದಾಗ ತರಿಸಿದ್ದು ಮೇವಿನ ತೊಟ್ಟಿ, ಒಣಹುಲ್ಲು, ಎತ್ತು, ಕತ್ತೆ. ಕತ್ತೆಯೊಂದನ್ನು ಬಿಟ್ಟರೆ ನಮಗೇನು ಕೊರತೆ? ಕಡೂರಿನಲ್ಲಿ ತೆಂಗು, ರಾಗಿ; ತರೀಕೆರೆಯಲ್ಲಿ ಅಡಿಕೆ ತೋಟ; ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವೇ ಇದೆ.

ಹಬ್ಬಕ್ಕೆ 12 ದಿನ ಮೊದಲು ತೆಂಗಿನ ಚಿಪ್ಪಿಗೆ ಮಣ್ಣು ತುಂಬಿ, ರಾಗಿ ಚೆಲ್ಲಿ, ನೀರು ಚಿಮುಕಿಸಲು ಮಕ್ಕಳಿಗೆ ಹೇಳೋಣ. ಮೂರ್ನಾಲ್ಕು ದಿನ ಏನೂ ಕಾಣದು. "ಸತ್ತೋಯ್ತೇನಮ್ಮಾ?" ಎಂದು ಮಗು ಮಣ್ಣು ಕೆದಕುತ್ತದೆ. ಕೆದಕಲಿ. ಆಮೇಲೊಂದು ಬೆಳಗ್ಗೆ ಸೂಜಿಯಂಥ ಹಸಿರು ಮೊಳಕೆ ಕಂಡು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಕಾದಿರುವುದರ ಕುರಿತು ನಾವು ಕೊಡುವ ಪ್ರಬೋಧನೆಗಿಂತ ಆ ಚಿಪ್ಪು ಹೆಚ್ಚು ಕಲಿಸುತ್ತದೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಹಬ್ಬ ಕಳೆದ ಮೇಲೂ ಆಟ ನಿಲ್ಲಬೇಕಿಲ್ಲ. ಅಡಿಕೆ ಹಾಳೆಯ ಮೇಲೆ ಒಬ್ಬ ಕೂತು ಇನ್ನೊಬ್ಬ ಎಳೆಯುವ ಬಂಡಿ, ತೆಂಗಿನ ಗರಿಯ ಪೀಪಿ, ಗಿರಿಗಿಟ್ಲೆ, ಹುಣಸೆಬೀಜದ ಚೌಕಾಬಾರ. ಹಾಳೆ ಹರಿದರೆ ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ. ಎಳೆಯುವ ಸರದಿ ಯಾರದೆಂದು ಜಗಳವಾಗುತ್ತದೆ, ರಾಜಿಯೂ ಅಲ್ಲೇ ಆಗುತ್ತದೆ.

ಕಣ್ಣಿನ ಮಾತೂ ಇದೆ. ತೈವಾನಿನಲ್ಲಿ 2010ರಲ್ಲಿ ಶಾಲಾಮಕ್ಕಳು ದಿನಕ್ಕೆ 120 ನಿಮಿಷ ಬಯಲಿನ ಬೆಳಕಿನಲ್ಲಿರಬೇಕೆಂಬ ಕಾರ್ಯಕ್ರಮ ಆರಂಭಿಸಿದರು. ಅಲ್ಲಿಯವರೆಗೆ ಏರುತ್ತಲೇ ಇದ್ದ ಸಮೀಪದೃಷ್ಟಿ ದೋಷ ಆ ಬಳಿಕ ಇಳಿಯತೊಡಗಿತು.

ತಾಯಂದಿರ ಭಯ ನಮಗೆ ಗೊತ್ತು. ಅಯ್ಯನಕೆರೆ, ಮದಗದ ಕೆರೆಯಂಥ ಕಡೆ ಮಕ್ಕಳನ್ನು ಒಂಟಿಯಾಗಿ ಬಿಡಲೇಬಾರದು. ಪೊದೆಯಲ್ಲಿ ಹಾವೂ ಇದ್ದೀತು. ಆದರೆ ಅಂಗಿ ಕೊಳೆಯಾದೀತೆಂಬ ಭಯವನ್ನೂ ಇದರೊಡನೆ ಸೇರಿಸಿಬಿಟ್ಟಿದ್ದೇವಲ್ಲ! ಪ್ರವಾದಿ ಜೆಕರ್ಯರು ಕಂಡ ಜೆರುಸಲೇಮಿನಲ್ಲಿ (8:4-5) ಹುಡುಗ ಹುಡುಗಿಯರು ಬೀದಿ ತುಂಬ ಆಡುತ್ತಿದ್ದಾರೆ. ಊರುಗೋಲು ಹಿಡಿದ ಅಜ್ಜ ಅಜ್ಜಿಯರು ಅದೇ ಊರ ಬೀದಿಗಳಲ್ಲಿ ಕುಳಿತಿದ್ದಾರೆ. ಆಡುವವರಿದ್ದಲ್ಲಿ ನೋಡಿಕೊಳ್ಳುವವರೂ ಇದ್ದರು.

ಮುಂದಿನ ಭಾನುವಾರ ಪೂಜೆ ಮುಗಿದೊಡನೆ ಮಕ್ಕಳನ್ನು ಗಾಡಿ ಹತ್ತಿಸಬೇಡಿ. ಅವರು ದೇವಾಲಯದ ಅಂಗಳದಲ್ಲಿ ಅರ್ಧ ಗಂಟೆ ಆಡಲಿ, ನಾವು ಮರದಡಿ ಕೂತಿರೋಣ. ಹಾಳೆ ಇದ್ದವರು ಒಂದೆರಡು ತನ್ನಿ.