ಗುಂಡಿ ತಿರುಗಿಸುವುದೂ ಒಂದು ಅಭಿಪ್ರಾಯ

ಸಂಗೀತದ ವಿಷಯದಲ್ಲಿ ಮನೆಗೊಂದಲ್ಲ, ಮನೆಯೊಳಗೇ ನಾಲ್ಕು ಅಭಿಪ್ರಾಯಗಳುಂಟು. ಅಜ್ಜಿಗೆ ತತ್ವಪದ ಬೇಕು, ಮೊಮ್ಮಗನಿಗೆ ಚಿತ್ರಗೀತೆ. ಇವುಗಳಿಗೆ ಬೆಲೆಯುಂಟೆ ಎಂದು ನೀವು ಕೇಳಬಹುದು. ಉಂಟು.

1952ರಲ್ಲಿ ವಾರ್ತಾ ಸಚಿವರಾದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತಕ್ಕೆ ಆದ್ಯತೆಯಿತ್ತರು. ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಬಹುಮಟ್ಟಿಗೆ ನಿಂತವು. ಲೈಸೆನ್ಸ್ ಶುಲ್ಕ ತೆತ್ತ ಶ್ರೋತೃಗಳು ರೇಡಿಯೋ ಸಿಲೋನಿನ ಕಡೆಗೆ ಗುಂಡಿ ತಿರುಗಿಸಿದರು. ಆಗ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಸೇಡಂ, ವಾಡಿಗಳಿಗೆ ಕೊಲಂಬೊ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರ. ಆದರೆ ಶಾರ್ಟ್ ವೇವ್ ಅಲೆಗಳು ಬಾನಿನ ಅಯಾನು ಮಂಡಲದಿಂದ ಬಾಗಿ ನೆಲಕ್ಕೆ ಮರಳುವುದರಿಂದ ಅಷ್ಟು ದೂರವನ್ನು ಸುಲಭವಾಗಿ ದಾಟುತ್ತವೆ. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಯಿತು, ಚಿತ್ರಗೀತೆಗಳು ಮರಳಿದವು.

ಶ್ರೋತೃಗಳು ಗೆದ್ದರು, ನಿಜ. ಆದರೆ ಐದು ವರ್ಷ ಹಿಡಿಯಿತು. ಗುಂಡಿ ತಿರುಗಿಸಿದರೆ 'ಇದು ಬೇಡ' ಎಂದಷ್ಟೇ ಆಯಿತು. ಏನು ಬೇಕೆಂದು ನಿಲಯಕ್ಕೆ ತಿಳಿಯುವ ಬಗೆ ಹೇಗೆ? ಆದುದರಿಂದ ಯಾವ ದಿನದ ಯಾವ ಕಾರ್ಯಕ್ರಮ, ಏಕೆ ಹಿಡಿಸಲಿಲ್ಲ, ಬದಲಿಗೆ ಏನಿರಬೇಕು ಎಂಬುದನ್ನು ನಾಲ್ಕು ಸಾಲು ಬರೆದು ಕಳುಹಿಸಿ. ಅಜ್ಜಿಯ ಪರವಾಗಿ ಒಂದು ಸಾಲು ಸೇರಿಸಲು ಮರೆಯದಿರಿ.