ಜೀವಕೋಶದಲ್ಲಿ ಲೋಹದ ಅಯಾನುಗಳ ಅನುಮಾನ

ಕಾಣದ ವಸ್ತುವನ್ನು ಲಿಂಗದ ಮೂಲಕ ಅರಿಯುವುದು ಅನುಮಾನವೆಂದು ನೈಯಾಯಿಕರು ಹೇಳುವರು. ಜೀವಕೋಶದೊಳಗಣ ಲೋಹದ ಅಯಾನುಗಳನ್ನು, ಎಂದರೆ ವಿದ್ಯುದಂಶವುಳ್ಳ ಪರಮಾಣುಗಳನ್ನು, ರಸಾಯನಶಾಸ್ತ್ರಜ್ಞರು ಅರಿಯುವ ಕ್ರಮವೂ ಇದೇ. ಇಲ್ಲಿ ಲಿಂಗವು ಬೆಳಕು.

ಕೆಲವು ದ್ರವ್ಯಗಳು ಒಂದು ಬಣ್ಣದ ಬೆಳಕನ್ನು ಹೀರಿ ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುವುವು. 1852ರಲ್ಲಿ ಸ್ಟೋಕ್ಸ್ ಪಂಡಿತರು ವಿವರಿಸಿದ ಈ ಧರ್ಮಕ್ಕೆ ಪ್ರತಿದೀಪ್ತಿಯೆಂದು ಹೆಸರು. ಇಂತಹ ದ್ರವ್ಯದ ಅಣುವಿಗೆ ಲೋಹವನ್ನು ಹಿಡಿಯತಕ್ಕ ಒಂದು ಅಂಗವನ್ನು ಕೂಡಿಸಿದರೆ, ಲೋಹವು ಸೇರಿದೊಡನೆ ಅದರ ಬೆಳಕು ವ್ಯತ್ಯಾಸ ಹೊಂದುವುದು. ಇದೇ ಶೋಧಕಾಣು. ಸ್ನಾಯುವಿನ ಸಂಕೋಚಕ್ಕೆ ಕಾರಣವಾದ ಕ್ಯಾಲ್ಸಿಯಂ, ವಿಶ್ರಾಂತ ಕೋಶರಸದಲ್ಲಿ ಸ್ವತಂತ್ರವಾಗಿರುವುದು ಲೀಟರಿಗೆ ಸುಮಾರು ಮೋಲಿನ ಕೋಟಿಯಲ್ಲೊಂದು ಪಾಲು ಮಾತ್ರ. ಅಷ್ಟನ್ನೂ ಇದು ತೋರಿಸಬಲ್ಲುದು.

ಆದರೆ ಬೆಳಕು ಮಂದವಾದ ಮಾತ್ರಕ್ಕೆ ಲೋಹವು ಕಡಮೆಯೆನ್ನಲಾಗದು. ಶೋಧಕಾಣುಗಳೇ ಅಲ್ಲಿ ವಿರಳವಾಗಿರಬಹುದು. ಇದು ಸವ್ಯಭಿಚಾರ ಹೇತು. 1985ರಲ್ಲಿ ರೋಜರ್ ಚೆನ್ ಮತ್ತು ಸಂಗಡಿಗರು ಪ್ರಕಟಿಸಿದ ಫ್ಯೂರಾ-2 ಈ ದೋಷವನ್ನು ಕಳೆಯಿತು. ಕ್ಯಾಲ್ಸಿಯಮನ್ನು ಹಿಡಿದಾಗ ಅದು 340 ನ್ಯಾನೊಮೀಟರಿನ ಬೆಳಕಿನಿಂದಲೂ, ಬರಿದಾಗಿರುವಾಗ 380 ನ್ಯಾನೊಮೀಟರಿನದರಿಂದಲೂ ಹೆಚ್ಚಾಗಿ ಉದ್ದೀಪ್ತವಾಗುವುದು. ಎರಡರ ನಿಷ್ಪತ್ತಿಯನ್ನು ಕಂಡರೆ ಶೋಧಕಾಣುಗಳ ಪ್ರಮಾಣವು ಲೆಕ್ಕಕ್ಕೆ ಬಾರದು.

ಮತ್ತೊಂದು ತೊಡಕುಂಟು. ಕೋಶದೊಳಗಿನ ಲೈಸೊಸೋಮೆಂಬ ಚೀಲಗಳು ಆಮ್ಲಮಯವಾದುವು. ಆಮ್ಲದಲ್ಲಿ ಇಂತಹ ಶೋಧಕಾಣುವಿನ ಹಿಡಿತವು ಸಡಿಲುವುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬಲ್ಲಿ ಹಸಿಯ ಸೌದೆಯು ಉಪಾಧಿಯಾಗಿರುವಂತೆ, ಕ್ಯಾಲ್ಸಿಯಂ ಇದ್ದಲ್ಲೆಲ್ಲ ಬೆಳಕುಂಟೆಂಬಲ್ಲಿ ಆಮ್ಲದ ಅಲ್ಪತ್ವವು ಉಪಾಧಿ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಅವರೂ ಅವರ ಸಂಗಡಿಗರೂ 2009ರಲ್ಲಿ ಡಿಎನ್‌ಎ ಎಳೆಗಳಿಂದಲೇ ರಚಿಸಿದ ಒಂದು ಸೂಕ್ಷ್ಮಯಂತ್ರದಿಂದ ಸಜೀವ ಕೋಶದೊಳಗಿನ ಆಮ್ಲತೆಯನ್ನು ಅಳೆದರು. ಮುಂದೆ ಚಿಕಾಗೊ ವಿಶ್ವವಿದ್ಯಾಲಯಕ್ಕೆ ತೆರಳಿದ ಅವರ ಬಳಗವು 2019ರಲ್ಲಿ ಆಮ್ಲತೆಯನ್ನೂ ಕ್ಯಾಲ್ಸಿಯಮನ್ನೂ ಒಂದೇ ಎಡೆಯಲ್ಲಿ ಅಳೆಯುವ ಶೋಧಕವನ್ನು ಪ್ರಕಟಿಸಿತು. ಆಮ್ಲದ ಅಳತೆ ದೊರೆತುದರಿಂದ ಕ್ಯಾಲ್ಸಿಯಮಿನ ಎಣಿಕೆಯನ್ನು ತಿದ್ದಲು ಸಾಧ್ಯವಾಯಿತು. ಉಪಾಧಿಯೇ ಅಳತೆಗೆ ಒಳಪಟ್ಟಿತು.

ಇಷ್ಟಾದರೂ ಒಂದು ಎಚ್ಚರಿಕೆ ಉಳಿಯುವುದು. ಹೊಗೆಯು ಬೆಂಕಿಯನ್ನು ಕುಗ್ಗಿಸದು. ಶೋಧಕಾಣುವಾದರೋ ತಾನು ಹಿಡಿದ ಅಯಾನನ್ನು ಕೋಶದ ವ್ಯವಹಾರದಿಂದ ತೆಗೆದುಬಿಡುವುದು. ಶೋಧಕವು ಅತಿಯಾದಲ್ಲಿ ಪರೀಕ್ಷೆಯೇ ಪರೀಕ್ಷ್ಯವನ್ನು ಮಾರ್ಪಡಿಸುವುದು. ಆದುದರಿಂದ ಬೆಳಕನ್ನು ಕಂಡೊಡನೆ ಸಿದ್ಧಾಂತ ಮಾಡದೆ, ಹೇತುವಿನ ಶುದ್ಧಿಯನ್ನು ಮೊದಲು ವಿಚಾರಿಸುವುದು ಈ ನೂತನ ಶಾಸ್ತ್ರಕ್ಕೂ ಅವಶ್ಯವಾದ ನಿಯಮವಾಗಿದೆ.